ಪ್ರ: ವೇಲ್ಸ್‌ನ ಹಳೆಯ ತೋಟದಮನೆಯ ಅಟ್ಟದ ತೊಲೆಗಳಲ್ಲಿ ಎಲ್ಲ ಮುಖಕ್ಕೂ ಕಪ್ಪು ಮಸಿ, ಅಂಚು ಮಾತ್ರ ಚೂಪಾಗಿದೆ; ಗೋಡೆಗೆ ಸಿಮೆಂಟ್ ಗಿಲಾವಿದೆ – ಬೆಂಕಿ ಬಿದ್ದಿತ್ತೇ?
ಬಹುಶಃ ಇಲ್ಲ. ಬೆಂಕಿ ಬಿದ್ದಿದ್ದರೆ ಮರ ಇದ್ದಿಲಾಗಿ, ಅಂಚುಗಳು ಸವೆದು, ಮೇಲ್ಮೈ ಚೌಕಚೌಕವಾಗಿ ಬಿರುಕು ಬಿಟ್ಟಿರುತ್ತದೆ. ನೀವು ಹೇಳುವಂತೆ ಅಂಚು ಚೂಪಾಗಿದ್ದು, ಎಲ್ಲ ಮುಖಕ್ಕೂ ಒಂದೇ ಸಮ ಮಸಿ ಹಿಡಿದಿದ್ದರೆ ಅದು ಒಲೆಯ ಹೊಗೆ. ಅಂದರೆ ಮೂಲದಲ್ಲಿ ಇದು ಅಟ್ಟವೂ ಚಿಮಣಿಯೂ ಇಲ್ಲದ, ನಡುನೆಲದಲ್ಲಿ ಬೆಂಕಿ ಉರಿಯುತ್ತಿದ್ದ ಹಾಲ್ ಮನೆ. ಸೇಂಟ್ ಫಾಗನ್ಸ್ ವಸ್ತುಸಂಗ್ರಹಾಲಯಕ್ಕೆ ತಂದು ಕಟ್ಟಿರುವ 1508ರ ಹೆಂದ್ರೆರ್ ಅವಿದ್ ಇಖಾವ್ ಎಂಬ ತೋಟದಮನೆ ಇದೇ ಜಾತಿಯದು: ಬಾಗಿದ ಓಕ್ ಜೋಡಿತೊಲೆಗಳು, ಗಾಜಿಲ್ಲದ ಕಿಟಕಿ.

ಇಂಥ ಮನೆಗಳಿಗೆ ಚಿಮಣಿ, ಅಟ್ಟ ಸೇರಿದ್ದು ಹೆಚ್ಚಾಗಿ 16–17ನೇ ಶತಮಾನದಲ್ಲಿ. ಖಚಿತಪಡಿಸಿಕೊಳ್ಳಲು ಚಿಮಣಿಯ ಎರಡೂ ಬದಿಯ ತೊಲೆ ನೋಡಿ. ಎರಡರಲ್ಲೂ ಮಸಿ ಇದ್ದರೆ ಚಿಮಣಿ ಆಮೇಲಿನದು. ಅಟ್ಟದ ಜಂತೆಗಳು ಮಸಿಯಿಲ್ಲದೆ ಸ್ವಚ್ಛವಾಗಿದ್ದರೆ ಅವೂ ಅಷ್ಟೇ.

ಮರಳು ಹೊಡೆಸಿ ಮಸಿ ತೆಗೆಸಬೇಡಿ, ಸಾಕ್ಷ್ಯವೇ ಹೋಗುತ್ತದೆ. ವಯಸ್ಸು ತಿಳಿಯಲು ತೊಲೆಯ ಮರದ ವಾರ್ಷಿಕ ಉಂಗುರಗಳ ಪರೀಕ್ಷೆಯಿದೆ. ಸುಮಾರು 50ಕ್ಕೂ ಹೆಚ್ಚು ಉಂಗುರ ಬೇಕು, ತೊಗಟೆಯಂಚು (ತೊಗಟೆಗೆ ತಾಗಿದ ಕೊನೆಯ ಉಂಗುರ) ಉಳಿದಿದ್ದರೆ ಮರ ಕಡಿದ ವರ್ಷವೇ ಸಿಗುತ್ತದೆ.

ನನಗೆ ಮಸಿಗಿಂತ ಹೆಚ್ಚು ಚಿಂತೆ ನೀವು ಬರೆದ ಸಿಮೆಂಟ್ ಗಿಲಾವಿನದು. ಅದು ತೇವವನ್ನು ಗೋಡೆಯೊಳಗೇ ಹಿಡಿದು ತೊಲೆಯ ಬುಡ ಕೊಳೆಸುತ್ತದೆ. ತೆಗೆದು ಸುಣ್ಣದ ಗಾರೆ ಮಾಡಿಸಿ. ಕಟ್ಟಡ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಮೊದಲು ಸ್ಥಳೀಯ ಯೋಜನಾ ಪ್ರಾಧಿಕಾರದವರನ್ನು ಕೇಳಿ. ಅನುಮತಿಯಿಲ್ಲದೆ ಅದರ ಸ್ವರೂಪ ಬದಲಿಸುವುದು ಅಲ್ಲಿ ಅಪರಾಧ.