40 ಪರ್ಸೆಂಟ್ ಡಿಸ್ಕೌಂಟು ನಿಜವಾ?

ಪ್ರಶ್ನೆ: ಅಡುಗೆಮನೆ ಕಪಾಟುಗಳಿಗೆ ಅಂಗಡಿಯವರು 3 ಲಕ್ಷ ಹೇಳಿದ್ದಾರೆ. 40% ರಿಯಾಯಿತಿಯಂತೆ. ಈ ತಿಂಗಳೇ ಬುಕ್ ಮಾಡಿದರೆ ಮತ್ತೆ 10%. ಅರ್ಧ ಬೆಲೆಗೆ ಸಿಕ್ಕಂತಾಯ್ತು ಅಲ್ವಾ?
— ಗೃಹಿಣಿ, ವಿರಾಜಪೇಟೆ

ಉತ್ತರ: ಅರ್ಧ ಆಗಲಿಲ್ಲ ಅಕ್ಕಾ. 40% ಕಳೆದರೆ 1,80,000. ಆಮೇಲಿನ 10% ಕಳೆಯುವುದು ಈ ಮೊತ್ತದಿಂದ. ಕೊನೆಗೆ 1,62,000, ಒಟ್ಟು ರಿಯಾಯಿತಿ 46%. ಇರಲಿ, ಆ 3 ಲಕ್ಷ ಬಂದದ್ದೆಲ್ಲಿಂದ? ಪಟ್ಟಿ ಬೆಲೆ ಬರೆದವರೂ ಅವರೇ. ('ಈ ತಿಂಗಳೇ ಕೊನೆ' ಅನ್ನೋದನ್ನು ನಾನಂತೂ ಪ್ರತಿ ತಿಂಗಳೂ ಕೇಳಿದ್ದೇನೆ.) ದರ ಚದರಡಿಗೋ, ರನ್ನಿಂಗ್ ಅಡಿಗೋ (ಬರೀ ಉದ್ದದ ಲೆಕ್ಕ) ಕೇಳಿ. ಹಲಗೆ, ಹಿಂಜ್, ಡ್ರಾಯರ್ ಚಾನೆಲ್, ಫಿಟ್ಟಿಂಗ್ ಕೂಲಿ, ಜಿಎಸ್‌ಟಿ ಎಲ್ಲಾ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಅದೇ ಚೀಟಿ ಹಿಡಿದು ಇನ್ನೊಂದು ಅಂಗಡಿಗೂ ಹೋಗಿ.

ಹಲಗೆ ವಿಷಯದಲ್ಲಿ ನಾನೇ ಕೈ ಸುಟ್ಟುಕೊಂಡವಳು. ಮಡಿಕೇರಿಯ ನಮ್ಮ ಮನೆಗೆ ಅಗ್ಗ ಅಂತ ಪಾರ್ಟಿಕಲ್ ಬೋರ್ಡ್ (ಮರದ ಚೂರುಗಳನ್ನು ಅಂಟು ಹಾಕಿ ಒತ್ತಿದ ಹಲಗೆ) ಹಾಕಿಸಿದೆ. ಎರಡನೇ ಮಳೆಗಾಲಕ್ಕೆ ಸಿಂಕ್ ಕೆಳಗಿನ ಬಾಗಿಲು ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಊದಿಕೊಂಡಿತು. ಮೇಲಿಂದ ಕಡುಬಿನ ಆವಿ ಬೇರೆ! ನಮ್ಮ ತೇವಕ್ಕೆ ಸಿಂಕ್ ಕೆಳಗಾದರೂ ಐಎಸ್ 710 ಗುರುತಿನ ಪ್ಲೈವುಡ್ (ನೀರನ್ನು ಚೆನ್ನಾಗಿ ತಾಳುವ ಮರೀನ್ ಪ್ಲೈವುಡ್) ಕೇಳಿ. ಮೇಲಿನ ಕಪಾಟಿಗೆ ಸುಮ್ನೆ ಜಾಸ್ತಿ ಕೊಡಬೇಡಿ, ಬಿಡಬ್ಲ್ಯುಆರ್ ದರ್ಜೆ (ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ, ನೀರು ತಡೆಯುವ ಪ್ಲೈವುಡ್) ಸಾಕು.