ಎರವಲು ತಂದ ಕೊಡಲಿ

ಪತ್ರ: "ನಾನು ನಿವೃತ್ತ ಗಣಿತ ಶಿಕ್ಷಕಿ. ದೇವರು ಸರ್ವಶಕ್ತನೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಕೆಲವು ವರ್ಷಗಳಿಂದ ಪ್ರಾರ್ಥನೆಯಲ್ಲಿ ಏನನ್ನೂ ಕೇಳುವುದನ್ನು ಬಿಟ್ಟಿದ್ದೇನೆ. ಇಡೀ ವಿಶ್ವವನ್ನು ನಡೆಸುವವನ ಮುಂದೆ ನನ್ನ ಮಂಡಿನೋವು, ನನ್ನ ಮನೆಯ ತಾಪತ್ರಯ ಹಿಡಿದುಕೊಂಡು ನಿಲ್ಲುವುದು ಸ್ವಾರ್ಥವೆನಿಸುತ್ತದೆ. 'ನಿನ್ನ ಚಿತ್ತದಂತಾಗಲಿ' ಎಂದಷ್ಟೇ ಹೇಳಿ ಏಳುತ್ತೇನೆ. ನಾವು ಕೇಳುವ ಮೊದಲೇ ತಂದೆಗೆ ಗೊತ್ತು ಎಂದು ಯೇಸುವೇ ಹೇಳಿದ್ದಾರಲ್ಲ? ಹೃದ್ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲೂ ಪ್ರಾರ್ಥನೆಯಿಂದ ಏನೂ ಆಗಲಿಲ್ಲವೆಂದು ಓದಿದೆ. ಪ್ರಾರ್ಥನೆ ಬದಲಿಸುವುದು ಪ್ರಾರ್ಥಿಸುವವರನ್ನು ಮಾತ್ರ ಎಂದು ಒಪ್ಪಿಕೊಳ್ಳುವುದೇ ಪ್ರೌಢ ವಿಶ್ವಾಸವಲ್ಲವೇ?" (ಹೆಸರು ಬೇಡವೆಂದಿದ್ದಾರೆ)

ಸಹೋದರಿ,

ನಿಮ್ಮ ಪತ್ರ ಎರಡು ಪುಟದ್ದು. ಕರಿಹಲಗೆಯ ಮೇಲೆ ಬರೆದು ರೂಢಿಯಾದ ಕೈ, ಅಕ್ಷರ ದುಂಡು ದುಂಡು. ಎರಡನೇ ಪುಟದ ಬುಡದಲ್ಲಿ ಮಾತ್ರ ಒಂದು ಸಾಲು ಬರೆದು ಅದರ ಮೇಲೆ ಎರಡು ಗೆರೆ ಎಳೆದಿದ್ದೀರಿ. ಅದನ್ನು ಇಲ್ಲಿ ಅಚ್ಚು ಹಾಕಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಕಡೆಯ ನ್ಯಾಯ ಹೇಳಿಬಿಡುತ್ತೇನೆ. ದೇವರೆಂದರೆ ಗುಂಡಿ ಒತ್ತಿದರೆ ಸಾಮಾನು ಬೀಳುವ ಯಂತ್ರವೆಂದು ತಿಳಿದವರಿದ್ದಾರೆ. ಬಿದ್ದರೆ ವೇದಿಕೆ ಹತ್ತಿ ಸಾಕ್ಷಿ ಹೇಳುತ್ತಾರೆ, ಬೀಳದಿದ್ದರೆ ಪಕ್ಕದವರ ನಂಬಿಕೆ ಸಾಲದೆನ್ನುತ್ತಾರೆ. ಅಂಥವರ ಗದ್ದಲದಿಂದ ಬೇಸತ್ತು ನೀವು ಮೌನಕ್ಕೆ ಸರಿದಿದ್ದರೆ ಅದು ಅರ್ಥವಾಗುತ್ತದೆ. ಪ್ರಾರ್ಥಿಸುತ್ತ ಮನುಷ್ಯ ಬದಲಾಗುತ್ತಾನೆ ಎನ್ನುವುದೂ ಸುಳ್ಳಲ್ಲ. ಅಲ್ಲಿಗೆ ನನ್ನ ಒಪ್ಪಿಗೆ ಮುಗಿಯಿತು.

ನೀವು ಗಣಿತ ಹೇಳಿಕೊಟ್ಟವರು. ಅನಂತದಿಂದ ಒಂದನ್ನು ಕಳೆದರೆ ಉಳಿಯುವುದೆಷ್ಟು? ಹತ್ತು ಕೋಟಿ ಕಳೆದರೆ? ಇದನ್ನು ಮಕ್ಕಳಿಗೆ ಎಷ್ಟು ಸಲ ಹೇಳಿರಬೇಕು ನೀವು! ಮತ್ತೆ ಮಂಡಿನೋವಿನ ಮಾತು ಬಂದಾಗ ಮಾತ್ರ ದೇವರ ಹತ್ತಿರ ಇರುವುದು ಎಣಿಸಿಟ್ಟ ಹಣವೆಂಬಂತೆ, ನೀವು ತೆಗೆದುಕೊಂಡರೆ ಇನ್ನೊಬ್ಬರಿಗೆ ಕಡಿಮೆ ಬೀಳುವುದೆಂಬಂತೆ ಬರೆಯುತ್ತೀರಿ. ಶಕ್ತಿಗೆ ಮಿತಿಯಿಲ್ಲದವನ ಮುಂದೆ ಸರದಿಸಾಲು ಇರುವುದಿಲ್ಲ. ಗ್ರಹಗಳನ್ನು ನಡೆಸುವುದು ಅವನಿಗೆ ದೊಡ್ಡ ಕೆಲಸ, ಮಂಡಿ ಸಣ್ಣ ಕೆಲಸ ಎಂದು ಭಾಗ ಮಾಡಿದ್ದು ನೀವು. ನೀವು ಅದನ್ನು ವಿನಯವೆಂದುಕೊಂಡಿದ್ದೀರಿ. ನನಗೆ ಅದರೊಳಗೆ ಸಂದೇಹದ ವಾಸನೆ ಬರುತ್ತಿದೆ, ಕ್ಷಮಿಸಿ.

ಎರಡನೇ ಅರಸುಗಳ ಪುಸ್ತಕದ ಆರನೇ ಅಧ್ಯಾಯ ತೆರೆಯಿರಿ. ಅದರ ಹಿಂದಿನ ಅಧ್ಯಾಯದಲ್ಲಿ ಸೇನಾಪತಿ ನಾಮಾನನ ಕುಷ್ಠ ವಾಸಿಯಾಗಿದೆ. ಮುಂದೆ ಸಮಾರ್ಯಕ್ಕೆ ಮುತ್ತಿಗೆ ಬೀಳಲಿದೆ. ಇವೆರಡರ ನಡುವೆ, ಜೋರ್ದನ್ ದಡದಲ್ಲಿ ಒಬ್ಬ ಮರ ಕಡಿಯುತ್ತಿದ್ದಾನೆ. ಕೊಡಲಿ ಕಾವಿನಿಂದ ಕಳಚಿ ನೀರಿಗೆ ಬೀಳುತ್ತದೆ. ಅವನು ಪ್ರವಾದಿ ಎಲೀಷನ ಕಡೆ ತಿರುಗಿ ಕೂಗುವುದು ಇಷ್ಟೇ: ಅಯ್ಯೋ ಸ್ವಾಮೀ, ಅದು ಎರವಲು ತಂದದ್ದು! ಯುದ್ಧವಲ್ಲ, ಬರವಲ್ಲ, ಸಾವಲ್ಲ. ಕೊಡಲಿ ಕೊಟ್ಟವನ ಮುಂದೆ ಮುಖ ತೋರಿಸುವುದು ಹೇಗೆಂಬ ಚಿಂತೆ. ಎಲೀಷ 'ಎಲ್ಲಿ ಬಿತ್ತು?' ಎಂದಷ್ಟೇ ಕೇಳಿ, ಒಂದು ಕೋಲು ಕಡಿದು ಅಲ್ಲಿ ಹಾಕುತ್ತಾನೆ. ಕಬ್ಬಿಣ ತೇಲುತ್ತದೆ. ರಾಜರ ಚರಿತ್ರೆ ಬರೆಯಲು ಕೂತವನು ಇದಕ್ಕೆ ಏಳು ವಚನ ಮೀಸಲಿಟ್ಟಿದ್ದಾನೆ. ನಾನು ಸಂಪಾದಕನಾಗಿದ್ದರೆ ಸ್ಥಳಾಭಾವದ ನೆಪ ಹೇಳಿ ತೆಗೆದೇಬಿಡುತ್ತಿದ್ದೆ. ಸದ್ಯ, ಆ ಪುಸ್ತಕ ನನ್ನ ಮೇಜಿಗೆ ಬರಲಿಲ್ಲ.

ನಾವು ಕೇಳುವ ಮೊದಲೇ ತಂದೆಗೆ ಗೊತ್ತು ಎಂಬ ಮಾತು ಮತ್ತಾಯ ಆರನೇ ಅಧ್ಯಾಯದ ಎಂಟನೇ ವಚನ. ನೀವು ಎಂಟಕ್ಕೆ ಪುಸ್ತಕ ಮುಚ್ಚಿದ್ದೀರಿ. ಒಂಬತ್ತನೆಯದು 'ಆದದರಿಂದ ಹೀಗೆ ಪ್ರಾರ್ಥಿಸಿರಿ' ಎಂದು ಶುರುವಾಗುತ್ತದೆ! ತಂದೆಗೆ ಗೊತ್ತು, ಹಾಗಾಗಿ ಸುಮ್ಮನಿರಿ ಎಂದಲ್ಲ. ತಂದೆಗೆ ಗೊತ್ತು, ಹಾಗಾಗಿ ಕೇಳಿ ಎಂದು. ಅಲ್ಲಿಂದ ಮುಂದೆ ಕೇಳಿಕೆಯ ಮೇಲೆ ಕೇಳಿಕೆ, ನಡುವೆ ಅನುದಿನದ ಆಹಾರ. ನಿಮ್ಮ ಪ್ರೀತಿಯ 'ನಿನ್ನ ಚಿತ್ತ ನೆರವೇರಲಿ' ಕೂಡ ಅಲ್ಲಿ ಒಂದು ಬೇಡಿಕೆಯೇ, ಪ್ರಾರ್ಥನೆ ಮುಗಿಸುವ ಮೊಹರಲ್ಲ. ಶಿಲುಬೆಯ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಅದನ್ನು ಹೇಳಿದ್ದು ನಿಜ. ಆದರೆ ಯಾವುದರ ನಂತರ? 'ಅಪ್ಪಾ, ನಿನಗೆ ಎಲ್ಲವೂ ಸಾಧ್ಯ, ಈ ಪಾತ್ರೆಯನ್ನು ನನ್ನಿಂದ ತೊಲಗಿಸು' ಎಂದು ನೆಲಕ್ಕೆ ಬಿದ್ದು ಕೇಳಿದ ನಂತರ. ನೀವು ಮೊದಲರ್ಧ ಬಿಟ್ಟು ಎರಡನೆಯ ಅರ್ಧಕ್ಕೆ ಹಾರುತ್ತಿದ್ದೀರಿ. ವಿಧಾನ ತೋರಿಸದೆ ಉತ್ತರ ಮಾತ್ರ ಬರೆದ ಮಕ್ಕಳಿಗೆ ನೀವು ಎಷ್ಟು ಅಂಕ ಕೊಡುತ್ತಿದ್ದಿರಿ?

ಲೂಕನ ಹನ್ನೊಂದನೇ ಅಧ್ಯಾಯದ ಕಥೆ ನನಗೆ ಇನ್ನೂ ಇಷ್ಟ. ಮಧ್ಯರಾತ್ರಿ ಒಬ್ಬ ಸ್ನೇಹಿತನ ಬಾಗಿಲು ಬಡಿದು ಮೂರು ರೊಟ್ಟಿ ಕೇಳುತ್ತಾನೆ. ಒಳಗಿನವನು, ಕದ ಹಾಕಿಯಾಗಿದೆ, ಮಕ್ಕಳು ನನ್ನ ಜೊತೆ ಮಲಗಿದ್ದಾರೆ, ಏಳಲಾರೆ ಎನ್ನುತ್ತಾನೆ. ಕೊನೆಗೆ ಎದ್ದು ಕೊಡುವುದು ಸ್ನೇಹಕ್ಕಲ್ಲ. ಹೊರಗಿನವನು ಕೇಳಿದ ರೀತಿಗೆ. ಆ ರೀತಿಗೆ ಅಲ್ಲಿರುವ ಗ್ರೀಕ್ ಪದದ ನೇರ ಅರ್ಥ ನಾಚಿಕೆಗೆಟ್ಟತನ. ನಮ್ಮ ಅನುವಾದಗಳು ಮರ್ಯಾದಸ್ಥರ ಕೈಯಲ್ಲಿ ಆದವು, ಅವು ಆ ಪದವನ್ನು ಸ್ವಲ್ಪ ತೊಳೆದು ಇಟ್ಟಿವೆ.

ಇನ್ನು ಆ ಪ್ರಯೋಗ. ನೀವು ಓದಿದ್ದು 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ಇರಬೇಕು. ಬೈಪಾಸ್ ಶಸ್ತ್ರಚಿಕಿತ್ಸೆಯ 1802 ರೋಗಿಗಳು, ಮೂರು ಗುಂಪು. ತಮಗಾಗಿ ಪ್ರಾರ್ಥಿಸುತ್ತಾರೋ ಇಲ್ಲವೋ ತಿಳಿಯದ ಎರಡು ಗುಂಪುಗಳಲ್ಲಿ ಪ್ರಾರ್ಥನೆ ಸಿಕ್ಕವರಿಗೆ ಶೇ. 52, ಸಿಗದವರಿಗೆ ಶೇ. 51 ತೊಡಕು. ಪ್ರಾರ್ಥಿಸುತ್ತಿದ್ದಾರೆಂದು ಖಚಿತವಾಗಿ ಗೊತ್ತಿದ್ದವರಿಗೆ ಶೇ. 59! ಪಾಪ, ನನಗಾಗಿ ಪ್ರಾರ್ಥನಾ ತಂಡವನ್ನೇ ಕರೆಸಿದ್ದಾರೆಂದರೆ ನನ್ನ ಕಾಯಿಲೆ ಎಷ್ಟು ಜೋರೋ ಎಂದು ಹೆದರಿರಬೇಕು. ಅಧ್ಯಯನ ಪ್ರಾಮಾಣಿಕವಾದದ್ದೇ. ಆದರೆ ಒಳಗೆ ನೋಡಿ: ಪ್ರಾರ್ಥಿಸುವವರಿಗೆ ಕೊಟ್ಟದ್ದು ರೋಗಿಯ ಮೊದಲ ಹೆಸರು, ಮನೆತನದ ಹೆಸರಿನ ಒಂದಕ್ಷರ, ಮತ್ತು ಸೇರಿಸಿ ಹೇಳಬೇಕಾದ ಒಂದು ಸಿದ್ಧವಾಕ್ಯ. 'ಪ್ರಾರ್ಥನೆ ಸಿಗದ' ಗುಂಪಿನವರಿಗಾಗಿ ಅವರವರ ಮನೆಯವರು ಪ್ರಾರ್ಥಿಸದಂತೆ ತಡೆಯುವವರು ಯಾರು? 1872ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಇದೇ ಲೆಕ್ಕವನ್ನು ರಾಜರ ಮೇಲೆ ಹಾಕಿದ್ದ. ಇಡೀ ದೇಶ ಪ್ರತಿ ವಾರ ರಾಜನ ಆಯುಸ್ಸಿಗೆ ಬೇಡುತ್ತದೆ, ಆದರೂ ಅನುಕೂಲಸ್ಥ ವರ್ಗಗಳಲ್ಲೆಲ್ಲ ರಾಜಮನೆತನದವರ ಸರಾಸರಿಯೇ ಕಡಿಮೆ, ಸುಮಾರು 64 ವರ್ಷ. ಪುಸ್ತಕ ನೋಡಿ ಓದಿದ ಆ ಪ್ರಾರ್ಥನೆಯಲ್ಲಿ ರಾಜನ ಜ್ವರಕ್ಕೆ ನಿದ್ದೆಗೆಟ್ಟವರು ಎಷ್ಟು ಮಂದಿ ಇದ್ದರೋ ಅದನ್ನು ಗಾಲ್ಟನ್ ಎಣಿಸಲಿಲ್ಲ.

ಕೇಳಿದ್ದೆಲ್ಲ ಸಿಗುತ್ತದೆಂದು ನಾನು ಹೇಳುತ್ತಿಲ್ಲ. ಅಪೊಸ್ತಲರ ಕೃತ್ಯಗಳ ಹನ್ನೆರಡನೇ ಅಧ್ಯಾಯದಲ್ಲಿ ಪೇತ್ರನನ್ನು ದೇವದೂತ ಸೆರೆಯಿಂದ ಬಿಡಿಸುತ್ತಾನೆ. ಅವನು ಬಂದು ಬಾಗಿಲು ತಟ್ಟಿದರೆ, ರೋದೆಯೆಂಬ ಹುಡುಗಿ ಖುಷಿಗೆ ಬಾಗಿಲು ತೆಗೆಯುವುದನ್ನೇ ಮರೆತು ಒಳಗೆ ಓಡುತ್ತಾಳೆ. ಅವನ ಬಿಡುಗಡೆಗೇ ಪ್ರಾರ್ಥಿಸುತ್ತ ಕೂತಿದ್ದ ಸಭೆ ಅವಳಿಗೆ 'ನಿನಗೆ ಹುಚ್ಚು' ಎನ್ನುತ್ತದೆ. ಇಷ್ಟು ನಂಬಿಕೆ ಇದ್ದವರಿಗೂ ಉತ್ತರ ಬಂತು. ಅದೇ ಅಧ್ಯಾಯದ ಎರಡನೇ ವಚನದಲ್ಲಿ ಪೇತ್ರನ ಜೊತೆಗಾರ, ಅಪೊಸ್ತಲ ಯಾಕೋಬ ಕತ್ತಿಗೆ ಬಲಿಯಾಗಿದ್ದಾನೆ. ಅವನ ಮನೆಯವರ ನಂಬಿಕೆ ಸಾಸಿವೆಗಿಂತ ಸಣ್ಣದಿತ್ತೆಂದು ಯಾರಾದರೂ ನನ್ನೆದುರು ಹೇಳಲಿ ನೋಡೋಣ.

ನಾಲ್ಕನೇ ಶತಮಾನದ ಸಂತ ಅಗಸ್ಟೀನನ ತಾಯಿ ಮೋನಿಕಾಳನ್ನು ನೆನೆಯಿರಿ. ಆಗಿನ್ನೂ ವಿಶ್ವಾಸಕ್ಕೆ ಬಾರದ ಮಗ ರೋಮಿಗೆ ಹಡಗು ಹತ್ತಬಾರದೆಂದು ಒಂದು ಇಡೀ ರಾತ್ರಿ ಸಮುದ್ರದ ಬಳಿಯ ಗುಡಿಯಲ್ಲಿ ಅತ್ತು ಕೇಳಿದಳು. ಮಗ ಸುಳ್ಳು ಹೇಳಿ ಆ ರಾತ್ರಿಯೇ ಹೊರಟುಹೋದ. ರೋಮಿನಿಂದ ಮಿಲಾನಿಗೆ ಹೋದ, ಅಲ್ಲಿ ಬಿಷಪ್ ಅಂಬ್ರೋಸನ ಉಪದೇಶ ಕೇಳಿದ, 387ರಲ್ಲಿ ದೀಕ್ಷಾಸ್ನಾನ ಪಡೆದ. ತಾಯಿ ಯಾವಾಗಲೂ ಕೇಳುತ್ತಿದ್ದುದನ್ನು ಕೊಡಲು ಆ ದಿನ ಕೇಳಿದ್ದನ್ನು ಕೊಡಲಿಲ್ಲ ಎಂದು ಅವನೇ ಆಮೇಲೆ ದೇವರಿಗೆ ಬರೆಯುತ್ತಾನೆ. ಮೋನಿಕಾ ನಿಮ್ಮ ಹಾಗೆ ಪ್ರೌಢಳಾಗಿದ್ದರೆ ಆ ರಾತ್ರಿ ಬೆಚ್ಚಗೆ ಮಲಗುತ್ತಿದ್ದಳು.

ಬ್ರಿಸ್ಟಲ್‌ನ ಜಾರ್ಜ್ ಮುಲ್ಲರ್ 1836ರಲ್ಲಿ ಅನಾಥಾಲಯ ತೆರೆದು, ಯಾರ ಬಳಿಯೂ ಹಣ ಕೇಳದೆ ದೇವರನ್ನು ಮಾತ್ರ ಕೇಳುತ್ತ ಸುಮಾರು ಹತ್ತು ಸಾವಿರ ಮಕ್ಕಳನ್ನು ಸಾಕಿದ. (ವರ್ಷಕ್ಕೊಂದು ವರದಿ ಅಚ್ಚು ಹಾಕಿಸಿ ಹಂಚುತ್ತಿದ್ದ ಎನ್ನುವುದನ್ನೂ ಹೇಳಬೇಕು, ಮುದ್ರಣದವನಾಗಿ ನನಗೆ ಅದೇನೂ ತಪ್ಪೆನಿಸುವುದಿಲ್ಲ.) ಬಂದ ದುಡ್ಡನ್ನು ಬಿಡಿಬಿಡಿಯಾಗಿ ಬರೆದಿಟ್ಟ. 1870ರಲ್ಲಿ ಹೆಂಡತಿ ತೀರಿಕೊಂಡಾಗ ಶವಸಂಸ್ಕಾರದ ಪ್ರಸಂಗ ತಾನೇ ಮಾಡಿದ. ಆರಿಸಿಕೊಂಡ ವಚನ 119ನೇ ಕೀರ್ತನೆಯದು: ನೀನು ಒಳ್ಳೆಯವನೂ ಒಳ್ಳೆಯದನ್ನು ಮಾಡುವವನೂ ಆಗಿದ್ದೀ.

ನನ್ನದೇ ಮಾನ ಕಳೆದ ಕಥೆ ಒಂದು ಹೇಳಲೇ? ನಮ್ಮಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ ಹಿರಿಯರೊಬ್ಬರು ಕಾಯಿಲೆ ಬಿದ್ದಾಗ ನೋಡಲು ಹೋಗಿದ್ದೆ. ಪ್ರಾರ್ಥಿಸಿ ಎಂದರು. ನಾನು ಶುರುಮಾಡಿದೆ. ಸೃಷ್ಟಿ, ವಿಮೋಚನೆ, ಅಗಮ್ಯ ಸಂಕಲ್ಪ, ನಿನ್ನ ಚಿತ್ತ, ಎಲ್ಲವೂ ಬಂತು. ಹತ್ತು ನಿಮಿಷಕ್ಕೆ ಆಮೆನ್ ಎಂದು ಕಣ್ಣು ಬಿಟ್ಟರೆ ಅವರು ನನ್ನನ್ನೇ ನೋಡುತ್ತಿದ್ದಾರೆ. "ಸಾರ್, ಎಲ್ಲಾ ಚೆನ್ನಾಗಿತ್ತು. ಆದ್ರೆ ನನ್ನ ವಿಷಯಕ್ಕೆ ಏನು ಕೇಳಿದ್ರಿ?" ಏನೂ ಕೇಳಿರಲಿಲ್ಲ. ಗುಣ ಮಾಡು ಎಂಬ ಎರಡು ಪದ ಬಾಯಿಂದ ಬಂದಿರಲಿಲ್ಲ. ಕೇಳಿ ಆಗದೇ ಹೋದರೆ ದೇವರ ಮಾನವೋ ನನ್ನ ಮಾನವೋ ಹೋಗುತ್ತದೆಂಬ ಭಯ. ಆಮೇಲೆ ಅವರೇ ಕೈಮುಗಿದರು. "ಅಪ್ಪಾ, ಇವತ್ತು ರಾತ್ರಿ ನಿದ್ದೆ ಕೊಡು." ಅಷ್ಟೇ. ಅವರು ಇನ್ನೂ ಎಂಟು ತಿಂಗಳು ಬದುಕಿದರು. ಹೋದಾಗಲೆಲ್ಲ ನಾನು ಕೇಳುವ ಮೊದಲೇ ವರದಿ ಒಪ್ಪಿಸುತ್ತಿದ್ದರು: "ನಿನ್ನೆ ಸಿಕ್ತು ಸಾರ್." ಇಲ್ಲವಾದರೆ, "ನಿನ್ನೆ ಇಲ್ಲ. ಇವತ್ತು ಮತ್ತೆ ಕೇಳ್ತೀನಿ."

ಇಂಥ ಕೇಳಿಕೆಗಳು ಈಗ ಎಲ್ಲಿ ಹೋದವು? ನಮ್ಮ ಪತ್ರಿಕೆಯ 'ಪ್ರಾರ್ಥನಾ ಕೋರಿಕೆ' ಅಂಕಣಕ್ಕೆ ಮೊದಲೆಲ್ಲ ಮಗನ ಗಣಿತದ ಪರೀಕ್ಷೆಗೆ, ಕಳೆದುಹೋದ ಬಳೆಗೆ, ಮಾತು ಬಿಟ್ಟ ತಮ್ಮನಿಗೆ ಪ್ರಾರ್ಥಿಸಿ ಎಂದು ಕಾರ್ಡುಗಳು ಬರುತ್ತಿದ್ದವು. ಈಗ ಬರುವುದೆಲ್ಲ ವಿಶ್ವಶಾಂತಿಗಾಗಿ. ವಿಶ್ವಶಾಂತಿ ಬೇಡವೆನ್ನುವ ಪಾಪಿ ನಾನಲ್ಲ, ಆದರೆ ಅದು ಸಿಕ್ಕಿತೋ ಇಲ್ಲವೋ ಎಂದು ಮರುವಾರ ಯಾರೂ ಲೆಕ್ಕ ಕೇಳುವುದಿಲ್ಲ, ಅದೇ ಅದರ ಅನುಕೂಲ. ಸಭೆಗಳಲ್ಲಿ ಪ್ರಾರ್ಥನೆಯೆಂದರೆ ಕಣ್ಣು ಮುಚ್ಚಿಕೊಂಡು ಮಾಡುವ ಭಾಷಣ. ಮುಂದಿನ ವಾರದ ಕಾರ್ಯಕ್ರಮವನ್ನೂ ದೇವರಿಗೆ ತಿಳಿಸುವ ನೆಪದಲ್ಲಿ ಜನರಿಗೆ ತಿಳಿಸುತ್ತಾರೆ. ಸಾಕ್ಷಿ ಹೇಳಲು ಗೆದ್ದವರಿಗೆ ಮಾತ್ರ ಮೈಕು. ಕತ್ತಲೆಯ ಮಾತಿನಲ್ಲೇ ಮುಗಿದುಹೋಗುವ 88ನೇ ಕೀರ್ತನೆಯನ್ನು ಸಭೆಯಲ್ಲಿ ಓದಿದ್ದು ನಾನು ಕೇಳಿಲ್ಲ. ಯಾರಾದರೂ ಕಷ್ಟ ಬರೆದರೆ ಫೋನಿನಲ್ಲಿ ಕೈಮುಗಿದ ಒಂದು ಹಳದಿ ಚಿತ್ರ, ಅಲ್ಲಿಗೆ ಪ್ರಾರ್ಥನೆ ಮುಗಿಯಿತು. ಅದನ್ನು ಒತ್ತಿದವರಲ್ಲಿ ನಾನೂ ಒಬ್ಬ.

ದಾನಿಯೇಲನ ಪುಸ್ತಕದಲ್ಲಿ ಶದ್ರಕ್, ಮೇಶಕ್, ಅಬೇದ್‌ನೆಗೋ ಅರಸನ ಚಿನ್ನದ ಬೊಂಬೆಗೆ ಅಡ್ಡಬೀಳದೆ, ಉರಿಯುವ ಕುಲುಮೆಯ ಮುಂದೆ ನಿಂತು ಅವನಿಗೆ ಹೇಳಿದ್ದು ಎರಡು ಮಾತು. ನಮ್ಮ ದೇವರು ಬಿಡಿಸಬಲ್ಲ. ಬಿಡಿಸದಿದ್ದರೂ ನಿನ್ನ ಬೊಂಬೆಗೆ ಅಡ್ಡಬೀಳೆವು. ಗೆಲುವಿನ ಸಾಕ್ಷಿಯವರು ಎರಡನೆಯದನ್ನು ಬಿಟ್ಟಿದ್ದಾರೆ. ನಿಮ್ಮಂಥ ಪ್ರೌಢರು ಮೊದಲನೆಯದನ್ನು.

ಈಗ ಆ ಗೆರೆ ಎಳೆದ ಸಾಲು. ಎರಡು ಗೆರೆ ಎಳೆದರೂ ಶಾಯಿ ತೆಳುವಾಗಿತ್ತು, ಓದಲು ಬಂತು. ಅದರಲ್ಲಿ ನಿಮ್ಮ ತಂಗಿಯ ಹೆಸರಿದೆ, ಒಂದು ಕಾಯಿಲೆಯ ಹೆಸರಿದೆ, 'ದಯವಿಟ್ಟು' ಎಂದಿದೆ. ನಿಮ್ಮ ಅಪ್ಪಣೆಯಿಲ್ಲದೆ ನನ್ನ ದಿನಚರಿಯಲ್ಲಿ ಬರೆದುಕೊಂಡು, ಪತ್ರ ತಲುಪಿದ ಸಂಜೆಯಿಂದ ನಿಮ್ಮ ಮಾತಿನಲ್ಲೇ ಕೇಳುತ್ತಿದ್ದೇನೆ. ನೀವೂ ಕೇಳಿ. ಗುಣವಾದರೆ ಒಂದು ಕಾರ್ಡು ಹಾಕಿ. ಆಗದಿದ್ದರೂ ಹಾಕಿ.

— ಸಂ.