ಮಗ ಬೇರೆ ಮನೆಯಲ್ಲಿ ಇರಬಲ್ಲನೇ?

ಪ್ರಶ್ನೆ: ಮಗನಿಗೆ 29 ವರ್ಷ, ಬುದ್ಧಿಮಾಂದ್ಯತೆ ಇದೆ. ಬಟ್ಟೆ ಒಗೆಯುತ್ತಾನೆ, ಅನ್ನಕ್ಕಿಡುತ್ತಾನೆ, ದುಡ್ಡಿನ ಲೆಕ್ಕ ಮಾತ್ರ ಬರುವುದಿಲ್ಲ. ನಮಗಿಬ್ಬರಿಗೂ ವಯಸ್ಸಾಯಿತು. ನಾವು ಹೋದ ಮೇಲೆ ಅವನು ಬೇರೆ ಇರಬಲ್ಲನೇ?
– ಒಬ್ಬ ತಾಯಿ, ಮೈಸೂರು

ಉತ್ತರ: ಇರಬಲ್ಲ. ಆದರೆ 'ನಾವು ಹೋದ ಮೇಲೆ' ಅಂತ ಕಾಯಬೇಡಿ. ಅಮ್ಮ ತೀರಿಕೊಂಡ ವಾರದಲ್ಲೇ ಹೊಸ ಮನೆ, ಹೊಸ ಮುಖ, ಹೊಸ ಊಟ ಅಂದರೆ ಯಾರಿಗಾದರೂ ದಿಕ್ಕು ತಪ್ಪುತ್ತದೆ, ಅಲ್ವಾ? ನೀವು ಗಟ್ಟಿಯಾಗಿರುವಾಗಲೇ ಎರಡು ರಾತ್ರಿ, ಆಮೇಲೆ ಒಂದು ವಾರ ಬಿಟ್ಟು ನೋಡಿ.

ಮೂರು ನಾಲ್ಕು ಮನೆಯವರು ಸೇರಿ ಒಂದು ಬಾಡಿಗೆ ಮನೆ ಹಿಡಿದು, ಮಾತ್ರೆ, ಗ್ಯಾಸ್, ದುಡ್ಡು ಇಷ್ಟನ್ನು ನೋಡಿಕೊಳ್ಳಲು ಸಹಾಯಕರನ್ನು ಇಟ್ಟರೆ ಉಳಿದದ್ದನ್ನು ಮಕ್ಕಳೇ ಮಾಡಿಕೊಳ್ಳಬಹುದು. ದೊಡ್ಡ ಹಾಸ್ಟೆಲ್‌ಗಿಂತ ನನಗೆ ಇದೇ ಜಾಸ್ತಿ ಸರಿ ಅನಿಸುತ್ತದೆ. ಬುದ್ಧಿಮಾಂದ್ಯತೆಯಂಥ ತೊಂದರೆ ಇರುವವರಿಗಾಗಿ 1999ರ ಕಾಯ್ದೆಯಡಿ ಕೇಂದ್ರ ಸರ್ಕಾರ ಮಾಡಿದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೂ 'ಘರೌಂದಾ' ಎಂಬ ಗುಂಪು ಮನೆಗಳ ಯೋಜನೆ ಇದೆ. ಅದರದೇ 'ನಿರಾಮಯ' ವಿಮೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಬರುತ್ತದೆ. ಮೊದಲೇ ವೈದ್ಯಕೀಯ ಪರೀಕ್ಷೆ ಬೇಕಿಲ್ಲ.

ಇನ್ನು ಕಾಗದಪತ್ರ. ಮಗನಿಗೆ 18 ದಾಟಿದ ಮೇಲೆ ತಂದೆತಾಯಿ ತಾವಾಗಿಯೇ ಕಾನೂನುಬದ್ಧ ಪೋಷಕರು (ಗಾರ್ಡಿಯನ್) ಆಗಿರುವುದಿಲ್ಲ! ಅದಕ್ಕೆ ಜಿಲ್ಲಾಧಿಕಾರಿ ಇರುವ, ನ್ಯಾಷನಲ್ ಟ್ರಸ್ಟ್‌ನ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ಆಸ್ತಿಯನ್ನು 'ಅಣ್ಣ ನೋಡಿಕೊಳ್ಳುತ್ತಾನೆ' ಎಂಬ ಬಾಯಿಮಾತಿನ ಮೇಲೆ ಬಿಡಬೇಡಿ, ವಕೀಲರನ್ನು ಕಂಡು ಮಗನ ಹಿತಕ್ಕಾಗಿ ಖಾಸಗಿ ಟ್ರಸ್ಟ್ (ಅವನಿಗಾಗಿ ಆಸ್ತಿ ನೋಡಿಕೊಳ್ಳುವ ಕಾನೂನಿನ ವ್ಯವಸ್ಥೆ) ಮಾಡಿಸಿ.

ಅಂದ ಹಾಗೆ, ಬೇರೆ ಇರಲು ಇಷ್ಟವಾ ಅಂತ ಮಗನನ್ನೇ ಕೇಳಿದ್ದೀರಾ? ಪತ್ರದಲ್ಲಿ ಅದೊಂದು ಇಲ್ಲ.